ಕಣ್ಣುಪಟ್ಟಿ ಕಂಡದ್ದು

ಬಂದರಿನಲ್ಲಿ ಅವಳನ್ನು ಎಲ್ಲರೂ ಹದ್ದಕ್ಕ ಎಂದೇ ಕರೆಯುತ್ತಿದ್ದರು. ಹಡಗಿನಿಂದ ಕಂಟೇನರ್‌ಗಳನ್ನು ಎತ್ತಿ ದಡಕ್ಕಿಳಿಸುವ ಕ್ರೇನು ಅವಳದು. ಆಕಾಶಕ್ಕೆ ತೂಗುಹಾಕಿದಂತಿದ್ದ ಗಾಜಿನ ಗೂಡಿನಲ್ಲಿ ಕೂತು, ಕತ್ತು ಬಗ್ಗಿಸಿ, ಕಾಲಡಿಯ ಗಾಜಿನಿಂದ ಕೆಳಗೆ ನೋಡುತ್ತ ದಿನವೆಲ್ಲ ಕೆಲಸ. ಕ್ರೇನು ನಡೆಸಲು ಎರಡು ಕೈಗೂ ಒಂದೊಂದು ಹಿಡಿ. ಮೇಲಿಂದ ಇಳಿಬಿಟ್ಟ ಕಬ್ಬಿಣದ ಚೌಕಟ್ಟನ್ನು ಗಾಳಿಗೆ ತೂಗಾಡಲು ಬಿಡದೆ ಕಂಟೇನರಿನ ನಾಲ್ಕು ಮೂಲೆಗಳ ಮೇಲೆ ಸರಿಯಾಗಿ ಕೂರಿಸಬೇಕು. ಅವಳು ಕೂರಿಸಿದರೆ ನಿದ್ದೆ ಹೋದ ಮಗುವನ್ನು ಮಲಗಿಸಿದಂತೆ ಇರುತ್ತದೆ, ಸದ್ದೇ ಆಗುವುದಿಲ್ಲ ಎಂದು ಕೆಳಗಿನ ಲಾರಿ ಚಾಲಕರು ಹೇಳುತ್ತಿದ್ದರು. ಆ ಮಾತು ಅವಳ ಕಿವಿಗೂ ಬಿದ್ದಿತ್ತು. ಕೇಳಿಯೂ ಕೇಳದವಳಂತೆ ಇರುತ್ತಿದ್ದಳು, ಅಷ್ಟೇ.

ಒಂದು ಬೆಳಿಗ್ಗೆ ಕ್ರೇನಿನ ಲಿಫ್ಟಿನ ಬಾಗಿಲಲ್ಲೇ ಅವಳನ್ನು ತಡೆದು, ಮ್ಯಾನೇಜರ್ ಕರೆಯುತ್ತಿದ್ದಾರೆ ಎಂದರು. ಮ್ಯಾನೇಜರು ನಗುತ್ತಲೇ ಕೂರಿಸಿದ, ನಗುತ್ತಲೇ ನೀರು ಕೊಟ್ಟ, ನಗುತ್ತಲೇ ಇನ್ನು ಮುಂದೆ ಅವಳಿಗೆ ಗೇಟಿನಲ್ಲಿ ಕೆಲಸ ಎಂದ. ಒಳಬರುವ ಲಾರಿಗಳ ಮೇಲಿನ ಕಂಟೇನರ್ ಸಂಖ್ಯೆ ನೋಡುವುದು, ಬೀಗದ ಮುದ್ರೆ ಒಡೆದಿಲ್ಲವಷ್ಟೆ ಎಂದು ನೋಡುವುದು. ಸಂಬಳ ಅದೇ. ಯಾಕೆ ಎಂದು ಕೇಳಿದ್ದಕ್ಕೆ ಆಡಳಿತದ ಕಾರಣ ಎಂದ. ನನ್ನಿಂದೇನಾದರೂ ತಪ್ಪಾಗಿದೆಯಾ ಎಂದು ಕೇಳಿದ್ದಕ್ಕೆ, ಛೇ ಛೇ, ನಿಮ್ಮಂಥವರು ಬೇರೆಯವರಿಗೆ ಮಾದರಿ ಎಂದ. ಮಾದರಿಯನ್ನು ಗೇಟಿಗೆ ಯಾಕೆ ತಳ್ಳುತ್ತೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು.

ಗೇಟಿನ ಪಕ್ಕದ ತಗಡಿನ ಮನೆಯಲ್ಲಿ ನಿಂತುಕೊಂಡು, ಲಾರಿಗಳ ಹೊಗೆ ಕುಡಿಯುತ್ತ ಅವಳು ಯೋಚಿಸಿದಳು. ಯೋಚಿಸಿದಷ್ಟೂ ಅವಳ ಮನಸ್ಸು ಒಂದೇ ಕಡೆ ಹೋಗಿ ನಿಲ್ಲುತ್ತಿತ್ತು, ತಂಗಿಯ ಕಡೆಗೆ.

ತಂಗಿ ಅದೇ ಬಂದರಿನ ತರಬೇತಿ ವಿಭಾಗದಲ್ಲಿ ಗುಮಾಸ್ತೆ, ಮ್ಯಾನೇಜರನ ಕೋಣೆಗೆ ಹೊಂದಿಕೊಂಡ ಮೇಜು ಅವಳದು. ಮನೆಯೂ ಒಂದೇ ಕಟ್ಟಡದಲ್ಲಿ, ಅಕ್ಕನದು ಕೆಳಗೆ, ಅವಳದು ಮೇಲೆ. ರಜೆಯ ದಿನ ಮಧ್ಯಾಹ್ನದ ಊಟಕ್ಕೆ ತಪ್ಪದೆ ಕೆಳಗಿಳಿದು ಬರುತ್ತಿದ್ದಳು. ಹಿಂದಿನ ಸಲ ಬಂದಾಗ ಹದ್ದಕ್ಕ ಚಹಾ ಬಗ್ಗಿಸಿ ಕೊಡುತ್ತಿದ್ದಳು. ಬಲಗೈಯ ಹೆಬ್ಬೆರಳು ಸುಮ್ಮಸುಮ್ಮನೆ ಅಲುಗಿತು, ತಟ್ಟೆಯ ಮೇಲಿನ ಕಪ್ಪು ಸಣ್ಣಗೆ ಕಿಣಿಕಿಣಿ ಎಂದಿತು. ಅದು ಕೆಲವು ತಿಂಗಳಿಂದ ಆಗೊಮ್ಮೆ ಈಗೊಮ್ಮೆ ಆಗುತ್ತಿತ್ತು. ದಣಿವು ಎಂದು ಅವಳು ತಲೆಗೆ ಹಚ್ಚಿಕೊಂಡಿರಲಿಲ್ಲ. ಹಿಡಿ ಕೈಗೆ ಸಿಕ್ಕಿತೆಂದರೆ ನಿಂತೇ ಹೋದಂತೆ ಅನಿಸುತ್ತಿತ್ತು. ಗಂಡನಿಗೂ ಹೇಳಿರಲಿಲ್ಲ. ಆ ದಿನ ತಲೆ ಎತ್ತಿದಾಗ ತಂಗಿ ಚಹಾ ಬಿಟ್ಟು ಆ ಕೈಯನ್ನೇ ನೋಡುತ್ತಿದ್ದಳು. ಕಣ್ಣಿಗೆ ಕಣ್ಣು ಸೇರಿದ ಕೂಡಲೇ ಗೋಡೆಯ ಕಡೆ ಮುಖ ತಿರುಗಿಸಿ, ಈ ಬಣ್ಣ ಯಾವಾಗ ಹೊಡೆಸಿದಿರಿ ಭಾವ ಎಂದು ಕೇಳಿದಳು. ಆ ಬಣ್ಣ ಹೊಡೆಸಿ ಎಷ್ಟೋ ಕಾಲವಾಗಿತ್ತು. ಹೊಡೆಯುವಾಗ ಏಣಿ ಹಿಡಿದುಕೊಂಡಿದ್ದವಳೂ ಅವಳೇ.

ಆ ಊಟ ಆದ ಮೇಲೆ ಈ ಗೇಟು. ಕೂಡಿಸಿ ನೋಡುವುದಕ್ಕೆ ಹೆಚ್ಚು ಬುದ್ಧಿ ಬೇಕಿರಲಿಲ್ಲ.

ಗಂಡ ಕ್ಷೌರದಂಗಡಿ ಇಟ್ಟಿದ್ದ. ಸಿಟ್ಟು ಬರುವುದು ಕಡಿಮೆ, ತಮಾಷೆ ಜಾಸ್ತಿ. ವಿಷಯ ಕೇಳಿ, ನಾನು ಕ್ಷೌರದ ಕತ್ತಿ ಹಿಡಿದು ಊರಿನವರ ತಲೆ ಬೋಳಿಸುತ್ತೇನೆ, ನಿನ್ನ ಕಂಪನಿಯವರು ಬರಿಗೈಯಲ್ಲೇ ಬೋಳಿಸುತ್ತಾರೆ ಎಂದ. ಅವಳಿಗೆ ನಗು ಬರಲಿಲ್ಲ. ಕೈಯ ಸುದ್ದಿ ಎತ್ತದೆ ತಂಗಿಯ ಮೇಲಿನ ಅನುಮಾನ ಹೇಳಿದಾಗ ಅವನ ತಮಾಷೆ ನಿಂತಿತು. ನಿನ್ನ ಕೈಯಲ್ಲಿ ಬೆಳೆದ ಹುಡುಗಿ ಅವಳು, ನಿನ್ನ ಹೊಟ್ಟೆಗೆ ಹೊಡೆಯುತ್ತಾಳಾ, ಸುಮ್ಮನೆ ಹುಳ ಬಿಟ್ಟುಕೊಳ್ಳಬೇಡ ಎಂದ. ಹೀಗೆ ಎಂದದ್ದರಿಂದ ಅವಳಿಗೆ ಅವನ ಮೇಲೂ ಒಂದಿಷ್ಟು ಅನುಮಾನ ಬಂತು. ಅಂಗಡಿಗೆ ಬಂದರಿನವರು ಕೂದಲು ಕತ್ತರಿಸಿಕೊಳ್ಳಲು ಬರುತ್ತಿದ್ದರು. ಕತ್ತರಿ ಆಡುತ್ತಿದ್ದರೆ ಅವನ ಬಾಯಿಯೂ ಆಡುತ್ತಿತ್ತು. ನನ್ನ ಕೈಯ ಸುದ್ದಿ ಯಾರ ಹತ್ತಿರವಾದರೂ ಆಡಿದ್ದೀರಾ ಎಂದು ಕೇಳಿಯೇಬಿಟ್ಟಳು. ಅವನು ಅವಳ ಕೈ ಹಿಡಿದು, ಯಾವ ಕೈ, ಏನಾಗಿದೆ ಕೈಗೆ ಎಂದು ಗಾಬರಿಯಾದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಹಾಗಾದರೆ ಉಳಿದವಳು ಒಬ್ಬಳೇ.

ಅನುಮಾನ ಹೊಕ್ಕ ಮೇಲೆ ತಂಗಿ ಮಾಡಿದ್ದೆಲ್ಲ ಬೇರೆಯಾಗಿ ಕಾಣತೊಡಗಿತು. ಮೊದಲೆಲ್ಲ ಮೆಟ್ಟಿಲಿಳಿಯುತ್ತ ಕೆಳಗಿನ ಬಾಗಿಲು ತಟ್ಟಿಯೇ ಹೋಗುತ್ತಿದ್ದವಳು ಈಗ ಬೆಕ್ಕಿನ ಹೆಜ್ಜೆ ಇಟ್ಟು ಹೋಗುತ್ತಿದ್ದಳು. ರಜೆಯ ದಿನ ತಲೆನೋವೆಂದು ಊಟಕ್ಕೆ ಬರಲಿಲ್ಲ. ಗೇಟಿನ ಮುಂದೆ ಹಾದು ಹೋಗುವಾಗ ಫೋನು ಕಿವಿಗಿಟ್ಟುಕೊಂಡಿರುತ್ತಿದ್ದಳು, ತುಟಿ ಮಾತ್ರ ಅಲುಗುತ್ತಿರಲಿಲ್ಲ.

ಹದ್ದಕ್ಕ ಒಂದು ಬಲೆ ಹಾಕಿದಳು. ಮೆಟ್ಟಿಲ ಹತ್ತಿರ ತಂಗಿಯನ್ನು ಹಿಡಿದು, ಇತ್ತೀಚೆಗೆ ಮೊಣಕಾಲು ಹಿಡಿದುಕೊಳ್ಳುತ್ತಿದೆ, ಯಾರಿಗೂ ಹೇಳಬೇಡ ಎಂದಳು. ಮೊಣಕಾಲಿಗೆ ಏನೂ ಆಗಿರಲಿಲ್ಲ. ಈ ಸುಳ್ಳನ್ನು ಗಂಡನಿಗೂ ಹೇಳಲಿಲ್ಲ. ಆ ವಾರ ಮುಗಿಯುವುದರೊಳಗೆ ಮ್ಯಾನೇಜರು ಗೇಟಿನ ಹತ್ತಿರ ಕಾರು ನಿಲ್ಲಿಸಿ, ಗಾಜು ಇಳಿಸಿ, ಮೊಣಕಾಲು ಹೇಗಿದೆ, ಒಂದು ಕುರ್ಚಿ ಕಳಿಸಲೇ ಎಂದು ನಗುತ್ತ ಕೇಳಿದ.

ಅವಳಿಗೆ ಮೈಯೆಲ್ಲ ಉರಿಯಿತು. ಕುರ್ಚಿ ಬಂತು. ಅದರ ಮೇಲೆ ಅವಳು ಕೂರಲಿಲ್ಲ.

ಸಂಜೆ ತಂಗಿ ಬರುವುದನ್ನೇ ಕಾದು ಮೆಟ್ಟಿಲಿಗೆ ಅಡ್ಡ ನಿಂತಳು.

"ನನ್ನ ಮೊಣಕಾಲಿನ ವಿಷಯ ಅವನಿಗೆ ಹೇಳಿದ್ದು ನೀನೇ ತಾನೆ?"

"ನಾನೇ ಅಕ್ಕ. ದಿನವೆಲ್ಲ ನಿಂತಿರ್ತೀಯಲ್ಲ, ಒಂದು ಕುರ್ಚಿ ಹಾಕ್ಸಿ ಅಂತ ಕೇಳ್ದೆ. ತಪ್ಪಾಯ್ತಾ?"

"ಮತ್ತೆ ಕೈ ವಿಷಯ?"

ತಂಗಿಯ ಮುಖದ ರಕ್ತ ಇಳಿದುಹೋದದ್ದನ್ನು ಹದ್ದಕ್ಕ ಕಣ್ಣಾರೆ ಕಂಡಳು. ಗೊತ್ತಿಲ್ಲದವಳಾಗಿದ್ದರೆ ಯಾವ ಕೈ ಎಂದು ಕೇಳಬೇಕಿತ್ತು. ಗಂಡ ಕೇಳಿದ್ದ. ಇವಳು ಕೇಳಲಿಲ್ಲ.

"ನನ್ನ ಮೊಣಕಾಲಿಗೆ ಏನೂ ಆಗಿಲ್ಲ ಕಣೇ," ಎಂದಳು ಹದ್ದಕ್ಕ. "ನಿನ್ನ ಬಾಯಿ ಎಷ್ಟು ಭದ್ರ ಅಂತ ನೋಡ್ದೆ."

ತಂಗಿ ಕೈಚೀಲವನ್ನು ಎದೆಗವಚಿಕೊಂಡಳು. ಅಕ್ಕನ ಮೈ ಸೋಕದಂತೆ ಗೋಡೆಗೆ ಉಜ್ಜಿಕೊಂಡು ಮೇಲೆ ಹೋದಳು. ಅಲ್ಲಿಂದ ಮಾತುಕತೆ ನಿಂತಿತು. ಮಧ್ಯದಲ್ಲಿ ಸಿಕ್ಕಿಕೊಂಡವನು ಗಂಡ. ಕೆಳಗೂ ಸಲ್ಲ, ಮೇಲೂ ಸಲ್ಲ ಎಂಬಂತೆ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದ.

ಹೀಗಿರುವಾಗ ಗೇಟಿಗೆ ಇನ್ನೊಬ್ಬ ಬಂದ. ಅವನೂ ಕ್ರೇನಿನವನೇ, ಅವಳಿಗೆ ಕೆಲಸ ಕಲಿಸಿದವನು. ತುಟಿಯ ಎರಡೂ ಕಡೆ ಇಳಿದ ಪೊದೆಯಂಥ ಮೀಸೆಯಿಂದಾಗಿ ದೊಡ್ಡಮೀಸೆ ಎಂದೇ ಹೆಸರು. ಬಂದವನೇ ಖಾಲಿ ಕುರ್ಚಿ ನೋಡಿ, ಇದು ಯಾರಿಗೆ ಎಂದು ಕೇಳಿ, ಯಾರಿಗೂ ಅಲ್ಲ ಎಂದಾಗ ಕೂತುಬಿಟ್ಟ. ತನಗೂ ಆಡಳಿತದ ಕಾರಣವಂತೆ ಎಂದ. ಎರಡು ದಿನ ಇಬ್ಬರೂ ಕಂಪನಿಗೆ ಬಯ್ಯುತ್ತ ಕಾಲ ಕಳೆದರು. ಅವನು ಪ್ರತಿಸಲ ಎದ್ದು ಹೊರಗೆ ಹೋಗುವಾಗಲೂ ಎಡ ಭುಜ ಬಾಗಿಲ ಚೌಕಟ್ಟಿಗೆ ತಾಗುತ್ತಿತ್ತು.

"ಕುಡಿದು ಬರ್ತೀಯಾ ಹೇಗೆ?" ಎಂದು ಕೇಳಿದಳು.

ಅವನು ನಗಲಿಲ್ಲ. ನಿಧಾನವಾಗಿ ಹೇಳತೊಡಗಿದ. ತನ್ನನ್ನು ಕೆಳಗಿಳಿಸಿದ ದಿನ ಮ್ಯಾನೇಜರು ಬಾಗಿಲವರೆಗೆ ಬಂದು, ಎಡಗಡೆ ಸ್ವಲ್ಪ ನೋಡಿಕೊಂಡು ಓಡಾಡಿ ಎಂದನಂತೆ. ಏನು ಮಾತು ಇದು ಎಂದು ಅರ್ಥವಾಗದೆ, ಮೊನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋದನಂತೆ. ಎಡಗಣ್ಣಿನ ಅಂಚಿನ ದೃಷ್ಟಿ ಸವೆದುಹೋಗಿದೆ, ನೋವಿಲ್ಲದ ಕಾಯಿಲೆಯಾದ್ದರಿಂದ ನಿಮಗೆ ತಿಳಿದಿಲ್ಲ ಎಂದು ಡಾಕ್ಟರು ಹೇಳಿದರಂತೆ.

"ನನಗೇ ಗೊತ್ತಿರಲಿಲ್ಲ," ಎಂದ ದೊಡ್ಡಮೀಸೆ. "ನನ್ನ ಹೆಂಡ್ತಿಗೆ ಗೊತ್ತಿರಲಿಲ್ಲ. ಅವನಿಗೆ ಹೇಗೆ ಗೊತ್ತಾಯ್ತು?"

ಇವನ ಗುಟ್ಟನ್ನು ಯಾರೂ ಬಿಟ್ಟುಕೊಟ್ಟಿರಲು ಸಾಧ್ಯವಿಲ್ಲ, ಬಿಟ್ಟುಕೊಡಲು ಗುಟ್ಟೇ ಇರಲಿಲ್ಲ. ಹದ್ದಕ್ಕ ತಂಗಿಯನ್ನು ನೆನೆದಳು. ನೆನೆದು, ಮನಸ್ಸನ್ನು ಆ ಕಡೆಯಿಂದ ಎಳೆದುಕೊಂಡಳು. ಇಬ್ಬರೂ ಕೂತು, ತಮಗಿಬ್ಬರಿಗೂ ಸಮನಾದದ್ದು ಏನು ಎಂದು ಲೆಕ್ಕ ಹಾಕಿದರು. ಅವನ ಕ್ರೇನು ಬೇರೆ, ಪಾಳಿ ಬೇರೆ. ಇಬ್ಬರೂ ಮಾಡುತ್ತಿದ್ದದ್ದು ಒಂದೇ. ಕಣ್ಣುಪಟ್ಟಿ ಕಟ್ಟಿಕೊಳ್ಳುವುದು.

ಹಿಂದಿನ ವರ್ಷ ಕಂಪನಿ ತರಬೇತಿಗೆಂದು ತರಿಸಿದ್ದ ವಿಆರ್ ಹೆಡ್‌ಸೆಟ್ಟಿಗೆ ಕೆಲಸಗಾರರು ಇಟ್ಟ ಹೆಸರು ಅದು. ಗಾಡಿಯ ಕುದುರೆಗೆ ಕಟ್ಟುತ್ತಾರಲ್ಲ, ಹಾಗೆಯೇ ಎಂದು. ತಿಂಗಳಿಗೊಮ್ಮೆ ತರಬೇತಿ ಕೋಣೆಯ ಕುರ್ಚಿಯಲ್ಲಿ ಕೂತು ಅದನ್ನು ಮುಖಕ್ಕೆ ಕಟ್ಟಿಕೊಂಡು, ಕೈಗೆ ಹಿಡಿ ಹಿಡಿದುಕೊಂಡರೆ ಸುತ್ತಲೂ ಇನ್ನೊಂದು ಬಂದರು ಏಳುತ್ತಿತ್ತು. ಅಲ್ಲಿಯೂ ಹಡಗು, ಅಲ್ಲಿಯೂ ಗಾಳಿ, ಗಾಜಿನ ಮೇಲೆ ಹಿಕ್ಕೆ ಹಾಕುವ ಕಡಲಹಕ್ಕಿ ಸಹ. ಬಿರುಗಾಳಿಯಲ್ಲಿ ಏನು ಮಾಡಬೇಕು, ಹಗ್ಗ ಜಾರಿದರೆ ಏನು ಮಾಡಬೇಕು ಎಂದು ಯಾರ ತಲೆಗೂ ಅಪಾಯವಿಲ್ಲದೆ ಕಲಿಯಬಹುದಿತ್ತು. ಹದ್ದಕ್ಕನಿಗೆ ಅದು ಇಷ್ಟವೂ ಆಗಿತ್ತು. ಎಲ್ಲರಿಗಿಂತ ಹೆಚ್ಚು ಅಂಕ ಅವಳಿಗೇ ಬರುತ್ತಿತ್ತು. ಕಟ್ಟಿಕೊಂಡ ಕೂಡಲೇ ಕಣ್ಣಮುಂದೆ ಒಂದು ದೊಡ್ಡ ಹಲಗೆ ತೇಲಿ ಬರುತ್ತಿತ್ತು, ತುಂಬ ಅಕ್ಷರ. ಅದನ್ನು ಕೈಯಿಂದ ಆಚೆ ತಳ್ಳಿದರಷ್ಟೇ ಅದರ ಹಿಂದಿನ ಕ್ರೇನು ಕಾಣುತ್ತಿತ್ತು. ಎಲ್ಲರೂ ತಳ್ಳುತ್ತಿದ್ದರು. ತಳ್ಳಿದ್ದೇ ಒಪ್ಪಿಗೆ ಎಂಬುದು ಅವರಿಗೆ ತಿಳಿದದ್ದು ವಕೀಲೆಯ ಕೋಣೆಯಲ್ಲಿ.

ವಕೀಲೆ ಕಾರ್ಮಿಕ ಸಂಘದ ಕೆಲಸ ನೋಡುತ್ತಿದ್ದವಳು. ಮಾತಿಗೊಮ್ಮೆ ಕನ್ನಡಕ ತೆಗೆದು ಒರೆಸುವ ಅಭ್ಯಾಸ. ಇಬ್ಬರ ಕಥೆಯನ್ನೂ ಕೇಳಿ, ಆ ಯಂತ್ರ ತೋರಿಸುವುದು ಮಾತ್ರವಲ್ಲ, ನೋಡುತ್ತದೆ ಕೂಡ ಎಂದು ವಿವರಿಸಿದಳು. ಕಣ್ಣಿನ ಗೊಂಬೆ ಎತ್ತ ಹೊರಳುತ್ತದೆ, ಎತ್ತ ಹೊರಳುವುದಿಲ್ಲ, ತಲೆ ಎಷ್ಟು ಬೇಗ ತಿರುಗುತ್ತದೆ, ಕೈ ಎಷ್ಟು ಅದುರುತ್ತದೆ, ಎಲ್ಲವನ್ನೂ ಅದು ಗಮನಿಸಿಯೇ ಚಿತ್ರ ಬದಲಿಸಬೇಕು, ಇಲ್ಲದಿದ್ದರೆ ಆ ಬಂದರು ನಿಜವೆನಿಸುವುದೇ ಇಲ್ಲ. ಗಮನಿಸಿದ್ದನ್ನು ಅಲ್ಲೇ ಬಿಟ್ಟರೆ ತೊಂದರೆಯಿಲ್ಲ. ಕೂಡಿಟ್ಟು, ಅದರಿಂದ ಮನುಷ್ಯನನ್ನು ಓದಲು ಹೊರಟರೆ ಕಾನೂನು ಎದುರಿಗೆ ಬರುತ್ತದೆ.

ಆದರೆ ಬರುತ್ತದೆಯೇ ಎಂಬುದೇ ಅನುಮಾನ ಎಂದೂ ಅವಳು ಹೇಳಿದಳು. ದೇಶದ ಖಾಸಗಿ ಮಾಹಿತಿ ಕಾನೂನು ಹೆಸರು, ವಿಳಾಸ, ಫೋಟೋ, ವೈದ್ಯರ ಚೀಟಿಗಳ ಕಾಲದಲ್ಲಿ ಬರೆದದ್ದು. ಆರೋಗ್ಯದ ಮಾಹಿತಿ ಬೇಕಾದರೆ ಬೇರೆಯಾಗಿ ಕೇಳಿ ಒಪ್ಪಿಗೆ ಪಡೆಯಬೇಕು ಎಂದು ಅದರಲ್ಲಿದೆ. ಬೆರಳಿನ ಅದುರು ಆರೋಗ್ಯದ ಮಾಹಿತಿಯೇ, ಬರೀ ಆಟದ ಅಂಕವೇ ಎಂದು ಅದರಲ್ಲಿಲ್ಲ.

ಇಬ್ಬರ ಮಾಹಿತಿಯನ್ನೂ ಕೊಡಿ ಎಂದು ಅವಳು ಕಂಪನಿಗೆ ಬರೆದಳು. ಉತ್ತರ ನುಣ್ಣಗೆ ಬಂತು. ತರಬೇತಿ ಉತ್ತಮಪಡಿಸಲು ಚಲನೆಯ ಅಂಕಿಅಂಶ ಇಟ್ಟುಕೊಳ್ಳುವುದು ನಿಜ, ಆದರೆ ಹೆಸರುಗಳನ್ನು ತೆಗೆದುಹಾಕಲಾಗಿದೆ, ಯಾವುದು ಯಾರದೆಂದು ನಮಗೇ ತಿಳಿಯದು, ಆದ್ದರಿಂದ ಕೊಡಲು ಏನೂ ಇಲ್ಲ. ಗೇಟಿನ ಕೆಲಸಕ್ಕೂ ತರಬೇತಿಗೂ ಸಂಬಂಧವಿಲ್ಲ. ವಿಷಯ ಮಾಹಿತಿ ರಕ್ಷಣಾ ಆಯೋಗದ ಮುಂದೆ ಹೋಯಿತು. ವಿಚಾರಣೆಯ ದಿನ ನಿಗದಿಯಾಯಿತು.

"ಹೆಸರು ಇಲ್ಲ ಅಂತಾರಲ್ಲ, ಇತ್ತು ಅಂತ ಒಳಗಿನವರು ಯಾರಾದರೂ ಹೇಳಬೇಕು," ಎಂದಳು ವಕೀಲೆ ಕನ್ನಡಕ ಒರೆಸುತ್ತ. "ತರಬೇತಿ ವಿಭಾಗದಲ್ಲಿ ನಿಮಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ?"

ದೊಡ್ಡಮೀಸೆ ಹದ್ದಕ್ಕನ ಮುಖ ನೋಡಿದ. ಹದ್ದಕ್ಕ ನೆಲ ನೋಡಿದಳು.

ಮೇಲಿನ ಮನೆಗೆ ಹೋಗುವ ಮೆಟ್ಟಿಲುಗಳನ್ನು ಅವಳು ಅಷ್ಟು ಕಷ್ಟಪಟ್ಟು ಎಂದೂ ಹತ್ತಿರಲಿಲ್ಲ. ಕ್ರೇನಿನ ತುದಿಗೆ ಹತ್ತುವುದೂ ಇದಕ್ಕಿಂತ ಸಲೀಸು. ಬಾಗಿಲು ತೆರೆದ ತಂಗಿ ಬಾ ಎನ್ನಲೂ ಇಲ್ಲ, ಹೋಗು ಎನ್ನಲೂ ಇಲ್ಲ. ಬಾಗಿಲನ್ನು ತೆರೆದೇ ಬಿಟ್ಟು ಒಳಗೆ ಹೋಗಿ ಬಟ್ಟೆ ಮಡಚತೊಡಗಿದಳು. ಹದ್ದಕ್ಕ ಒಂದು ಹೊದಿಕೆಯ ಎರಡು ತುದಿ ಹಿಡಿದುಕೊಂಡಳು. ಹಿಡಿದ ಕೈ ಅದುರಿತು. ಈ ಸಲ ಅವಳು ಮರೆಮಾಡಲಿಲ್ಲ. ದೊಡ್ಡಮೀಸೆಯ ಕಣ್ಣಿನ ಕಥೆಯನ್ನೂ ವಕೀಲೆ ಹೇಳಿದ್ದನ್ನೂ ಹೇಳಿದಳು. ತಂಗಿ ಕೇಳುತ್ತ ಹೋದಳು. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚಿದಳು.

"ನಾನು ನೋಡಿದ್ದು ನಿಜ," ಎಂದಳು ಕೊನೆಗೆ. "ಹೇಳಿದೆ ಅನ್ನೋದು ಮಾತ್ರ ಸುಳ್ಳು. ಅವನಿಗೆ ನಾನು ಏನೂ ಹೇಳಿಲ್ಲ ಅಕ್ಕ. ಅವನ ಕಂಪ್ಯೂಟರಿನಲ್ಲಿ ಮೊದಲೇ ಇತ್ತು."

ಆಮೇಲೆ ಎಲ್ಲ ಹೊರಗೆ ಬಂತು. ಮ್ಯಾನೇಜರನ ಪರದೆಯ ಮೇಲೆ ಕ್ರೇನಿನವರೆಲ್ಲರ ಹೆಸರು, ಪ್ರತಿ ಹೆಸರಿನ ಎದುರೂ ಬಣ್ಣದ ಚುಕ್ಕೆಗಳು. ಹೆಚ್ಚಿನವು ಹಸಿರು, ಅಲ್ಲಲ್ಲಿ ಕೆಂಪು. ಅಕ್ಕನ ಹೆಸರಿನ ಎದುರು ಬಲಗೈ ಎಂಬಲ್ಲಿ ಕೆಂಪು. ಏನಿದು ಎಂದು ಕೇಳಿದ್ದಕ್ಕೆ ಮ್ಯಾನೇಜರು ಪರದೆ ಮುಚ್ಚಿ, ಇದು ಹೊರಗೆ ಹೋದರೆ ಯಾರಿಂದ ಹೋಯಿತು ಎಂದು ನನಗೆ ಗೊತ್ತಿರುತ್ತದೆ ಎಂದ, ನಗುತ್ತಲೇ. ತಂಗಿ ಬಾಯಿಗೆ ಬೀಗ ಹಾಕಿಕೊಂಡಳು. ಅಂಕ ಕಡಿಮೆ ಬಂದಿರಬೇಕು ಎಂದು ತನಗೆ ತಾನೇ ಹೇಳಿಕೊಂಡಳು. ಊಟಕ್ಕೆ ಬಂದಾಗ ಮಾತ್ರ ಕಣ್ಣು ತಾನಾಗಿ ಆ ಕೈಯ ಮೇಲೆ ಹೋಯಿತು. ಆ ಕೆಂಪು ಚುಕ್ಕೆ ಕಂಡಿರದಿದ್ದರೆ ಆ ಬೆರಳು ಅಲುಗಿದ್ದು ಅವಳಿಗೆ ಕಾಣುತ್ತಲೂ ಇರಲಿಲ್ಲ.

"ನನಗೆ ಹೇಳಬಹುದಿತ್ತಲ್ಲೇ."

"ಹೇಳಬಹುದಿತ್ತು. ಕೆಲಸ ಹೋದರೆ ಏನು ಗತಿ ಅಂತ ಹೆದರಿದೆ." ತಂಗಿ ಮೂಗು ಒರೆಸಿಕೊಂಡಳು. "ನೀನೂ ನೇರವಾಗಿ ಕೇಳಬಹುದಿತ್ತು. ಮೊಣಕಾಲು ಗಿಣಕಾಲು ಅಂತ ನಾಟಕ ಮಾಡೋದು ಬಿಟ್ಟು."

ಆಯೋಗದ ಮುಂದೆ ಬಂದು ಇದನ್ನೇ ಹೇಳುತ್ತೀಯಾ ಎಂದು ಕೇಳಲು ಬಂದಿದ್ದ ಹದ್ದಕ್ಕ ಕೇಳದೆಯೇ ಎದ್ದಳು. ಕೇಳಿದ್ದು ತಂಗಿಯೇ, ವಿಚಾರಣೆ ಯಾವ ದಿನ ಎಂದು.

ಆಯೋಗದ ಕೋಣೆಯಲ್ಲಿ ಎಸಿ ಜೋರಾಗಿತ್ತು. ಆಯುಕ್ತೆ ಶಾಲು ಹೊದ್ದುಕೊಂಡು ಕೂತಿದ್ದಳು, ಕಡಿಮೆ ಮಾತಿನ ಹೆಂಗಸು. ಕಂಪನಿಯ ವಕೀಲ ಹೆಸರಿಲ್ಲದ ಅಂಕಿಗಳ ಬಗ್ಗೆ ಬಹಳ ಹೊತ್ತು ಮಾತಾಡಿದ. ತಂಗಿ ಎದ್ದು ನಿಂತು ಪರದೆಯ ಮೇಲೆ ತಾನು ಕಂಡದ್ದನ್ನು ಹೇಳಿದಳು. ಮ್ಯಾನೇಜರು ಅವಳನ್ನೇ ನೋಡುತ್ತಿದ್ದ. ಅವನು ನಗದೆ ಇದ್ದದ್ದನ್ನು ಹದ್ದಕ್ಕ ಅಂದೇ ಮೊದಲು ಕಂಡದ್ದು.

ವಕೀಲ ತನ್ನ ಮಾತಿನ ದಾರಿ ಬದಲಿಸಿದ. ಸರಿ, ಹೆಸರಿತ್ತು ಎಂದೇ ಇಟ್ಟುಕೊಳ್ಳೋಣ ಎಂದ. ಅವಳ ಕೈಕೆಳಗೆ ನೇತಾಡುವುದು ಹತ್ತಿಯ ಮೂಟೆಯಲ್ಲ, ಕಬ್ಬಿಣದ ಪೆಟ್ಟಿಗೆ. ಕೆಳಗೆ ಜನ ಓಡಾಡುತ್ತಾರೆ. ಕೈ ನಡುಗುತ್ತದೆ ಎಂದು ತಿಳಿದ ಮೇಲೂ ಮೇಲೆ ಹತ್ತಿಸಿ, ಒಂದು ದಿನ ಯಾರ ತಲೆಯ ಮೇಲಾದರೂ ಬಿದ್ದರೆ ಆಗ ಇದೇ ಆಯೋಗ ಕಂಪನಿಗೆ ಏನನ್ನುತ್ತದೆ?

ಹದ್ದಕ್ಕನಿಗೆ ಈ ಮಾತು ಚುರುಕ್ಕೆಂದು ತಾಗಿತು. ಉಳಿದದ್ದೆಲ್ಲ ವಕೀಲರ ಮಾತು, ಇದೊಂದು ನಿಜ. ಲಾರಿ ಚಾಲಕರ ಮುಖಗಳು ಕಣ್ಣಮುಂದೆ ಬಂದವು. ಅವಳು ಅನ್ಯಾಯವಾಯಿತು ಎಂದು ಬಂದಿದ್ದವಳು. ಈಗ ತನ್ನ ಮೇಲೆಯೇ ಅನುಮಾನಪಡುವಂತಾಯಿತು.

ಅವರ ವಕೀಲೆ ಮ್ಯಾನೇಜರನನ್ನು ಒಂದೇ ಪ್ರಶ್ನೆ ಕೇಳಿದಳು, ಇದನ್ನು ಇವರಿಗೆ ಯಾಕೆ ತಿಳಿಸಲಿಲ್ಲ ಎಂದು.

"ನಾವು ಡಾಕ್ಟರಲ್ಲ," ಎಂದ ಮ್ಯಾನೇಜರು. "ನಿಮಗೆ ಕಾಯಿಲೆ ಇದೆ ಅಂತ ಹೇಳೋಕೆ ನಮಗೆ ಅಧಿಕಾರ ಇಲ್ಲ."

"ಹೇಳೋಕೆ ಅಧಿಕಾರ ಇಲ್ಲ. ಕೆಳಗಿಳಿಸೋಕೆ ಇದೆ," ಎಂದಳು ವಕೀಲೆ. ಕನ್ನಡಕ ಹಾಕಿಕೊಂಡು ಕೂತಳು.

ಆಯುಕ್ತೆ ಶಾಲು ಸರಿಪಡಿಸಿಕೊಂಡು ಹದ್ದಕ್ಕನ ಕಡೆ ತಿರುಗಿದಳು.

"ಅವರು ಅವತ್ತೇ ಹೇಳಿದ್ದರೆ ನೀವೇನು ಮಾಡ್ತಿದ್ರಿ?"

"ಮೊದಲು ಬಯ್ತಿದ್ದೆ," ಎಂದಳು ಹದ್ದಕ್ಕ. "ಆಮೇಲೆ ಡಾಕ್ಟರ ಹತ್ರ ಹೋಗ್ತಿದ್ದೆ. ಮೇಲೆ ಹತ್ತಬೇಕೋ ಬೇಡವೋ ಅಂತ ನಾನೇ ಹೇಳ್ತಿದ್ದೆ, ಅಮ್ಮ. ನನ್ನ ಕೈ ಅದು. ಊರಿಗೆಲ್ಲ ಗೊತ್ತಾದ ಮೇಲೆ ಕೊನೆಗೆ ನನಗೆ ಗೊತ್ತಾಯ್ತು. ಗೊತ್ತಾಗೋದಕ್ಕೆ ಮೊದಲು ಇವಳ ಜೊತೆ ಮಾತು ಬಿಟ್ಟೆ."

ತೀರ್ಪಿಗೆ ಕಾಯದೆ ಅವಳು ನರರೋಗದ ಡಾಕ್ಟರ ಬಳಿಗೆ ಹೋದಳು. ಗಂಡ ಅಂಗಡಿ ಮುಚ್ಚಿ ಜೊತೆಗೆ ಬಂದ. ಡಾಕ್ಟರು ಹೆಬ್ಬೆರಳಿಗೆ ತೋರುಬೆರಳನ್ನು ಬೇಗಬೇಗ ತಟ್ಟಲು ಹೇಳಿದರು, ನಡೆಯಲು ಹೇಳಿದರು, ಗೆರೆ ಎಳೆಯಲು ಹೇಳಿದರು. ನಡುಕದ ಕಾಯಿಲೆಯ ಶುರು ಎಂದರು. ಹೋಗುವಂಥದ್ದಲ್ಲ, ಆದರೆ ಬೇಗ ಬಂದಿದ್ದೀರಿ, ಮಾತ್ರೆಯಿಂದ ಬಹಳ ಕಾಲ ಹತೋಟಿಯಲ್ಲಿಡಬಹುದು ಎಂದರು. ಇನ್ನೂ ಬೇಗ ಬಂದಿದ್ದರೆ ಎಂದು ಗಂಡ ಕೇಳಹೊರಟವನು ನಾಲಿಗೆ ಕಚ್ಚಿಕೊಂಡ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವನು ಒಂದೂ ತಮಾಷೆ ಮಾಡಲಿಲ್ಲ. ಇಳಿಯುವ ಹೊತ್ತಿಗೆ ಅವಳೇ, ಏನು ಇವತ್ತು ಅಂಗಡಿಯ ಜೊತೆ ಬಾಯಿಯನ್ನೂ ಮುಚ್ಚಿದ್ದೀರಾ ಎಂದು ಕೇಳಿದಳು.

ತೀರ್ಪು ಪೂರ್ತಿ ಅವರ ಪರವಾಗಿಯೂ ಇರಲಿಲ್ಲ, ಕಂಪನಿಯ ಪರವಾಗಿಯೂ ಇರಲಿಲ್ಲ. ಕೈಯ ಅದುರು, ಕಣ್ಣಿನ ಹೊರಳು ಮನುಷ್ಯನ ಆರೋಗ್ಯವನ್ನು ತಿಳಿಯಲು ಬಳಸಿದ ಕ್ಷಣದಿಂದ ಆರೋಗ್ಯದ ಮಾಹಿತಿಯೇ ಎಂದು ಆಯುಕ್ತೆ ಬರೆದಳು. ನೋಟಕ್ಕೆ ಅಡ್ಡ ಬಂದ ಹಲಗೆಯನ್ನು ತಳ್ಳಿದ್ದು ಒಪ್ಪಿಗೆಯಾಗುವುದಿಲ್ಲ ಎಂದೂ ಬರೆದಳು. ಕೂಡಿಟ್ಟದ್ದನ್ನು ಮೊದಲು ಅವರವರಿಗೆ ತೋರಿಸಬೇಕು, ಆಮೇಲೆ ಅಳಿಸಬೇಕು. ಹೀಗೆ ಕ್ರೇನಿನಿಂದ ಬೇರೆ ಬೇರೆ ಕೆಲಸಗಳಿಗೆ ಕೆಳಗಿಳಿಸಿದವರನ್ನೆಲ್ಲ ಹೊರಗಿನ ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಆದರೆ ಸುರಕ್ಷತೆಗಾಗಿ ಕೆಲಸಗಾರರನ್ನು ಪರೀಕ್ಷಿಸುವ ಹಕ್ಕು ಕಂಪನಿಗಿದೆ, ಕದ್ದು ಪರೀಕ್ಷಿಸುವ ಹಕ್ಕಿಲ್ಲ, ಅಷ್ಟೇ.

ಪರೀಕ್ಷೆ ಮಾಡಿದಾಗ ಕೆಂಪು ಚುಕ್ಕೆಯವರಲ್ಲಿ ಕೆಲವರಿಗೆ ಏನೂ ಇರಲಿಲ್ಲ. ಒಬ್ಬನಿಗೆ ಕಣ್ಣುಪಟ್ಟಿ ಕಟ್ಟಿಕೊಂಡರೆ ಹೊಟ್ಟೆ ತೊಳಸುತ್ತಿತ್ತು, ಅದಕ್ಕೇ ಮೈ ನಡುಗುತ್ತಿತ್ತು. ಅವನು ಮಾರನೆಯ ದಿನವೇ ಕ್ರೇನು ಹತ್ತಿದ. ದೊಡ್ಡಮೀಸೆ ಹತ್ತಲಿಲ್ಲ. ಎಡಗಡೆ ಇಲ್ಲದವನು ಎಡಗಡೆಯ ಲಾರಿಗೆ ಏನು ಹೇಳಲಿ ಎಂದು ಗೇಟಿನಲ್ಲೇ ಉಳಿದ. ಹದ್ದಕ್ಕನಿಗೆ ಮಾತ್ರೆ ತೆಗೆದುಕೊಂಡು ಕೆಲವು ಕಾಲ ಹತ್ತಬಹುದು ಎಂದು ವೈದ್ಯರು ಬರೆದುಕೊಟ್ಟರು. ಅವಳು ಯೋಚಿಸಲು ಸಮಯ ಕೇಳಿದಳು. ಒಂದು ದಿನ ಮೇಲೆ ಹೋಗಿ, ಯಂತ್ರ ಶುರು ಮಾಡದೆ, ಆ ಕುರ್ಚಿಯಲ್ಲಿ ಕೂತು ಕಾಲಡಿಯ ಗಾಜಿನಿಂದ ಬಹಳ ಹೊತ್ತು ಕೆಳಗೆ ನೋಡಿದಳು. ಕೆಳಗೆ ಯಾರೋ ಲಾರಿಗೆ ಒರಗಿಕೊಂಡು ಬೂಟಿನ ದಾರ ಕಟ್ಟುತ್ತಿದ್ದರು. ಇಳಿದು ಬಂದು, ಇನ್ನು ನಾನು ಹಿಡಿ ಹಿಡಿಯುವುದಿಲ್ಲ, ಹೊಸಬರ ಹಿಂದೆ ಕೂತು ಕಲಿಸುತ್ತೇನೆ ಎಂದು ಹೇಳಿದಳು. ಹಾಗೆಂದು ಹೇಳಿಸಿಕೊಳ್ಳುವ ಮೊದಲು ತಾನೇ ಹೇಳಿದ್ದರಿಂದ ಅವಳಿಗೆ ದುಃಖ ಕಡಿಮೆಯೇನೂ ಆಗಲಿಲ್ಲ. ತಲೆ ಮಾತ್ರ ತಗ್ಗಲಿಲ್ಲ.

ತಂಗಿಯನ್ನು ಕೆಲಸದಿಂದ ತೆಗೆಯಲು ಕಂಪನಿಗೆ ಧೈರ್ಯವಾಗಲಿಲ್ಲ. ಮ್ಯಾನೇಜರನ ಪಕ್ಕದ ಮೇಜಿನಿಂದ ಎಬ್ಬಿಸಿ ಸಾಮಾನು ಕೋಣೆಗೆ ಹಾಕಿದರು. ಕಾರಣ, ಆಡಳಿತದ್ದು.

ಮಾಹಿತಿ ಅಳಿಸುವ ದಿನ ಸಂಬಂಧಪಟ್ಟವರು ಎದುರಿಗಿರಬೇಕು ಎಂದು ಆದೇಶವಿತ್ತು. ಅಕ್ಕತಂಗಿ ಇಬ್ಬರೂ ಹೋದರು. ಹೆಡ್‌ಸೆಟ್ಟು ಮಾರಿದವರ ಕಡೆಯಿಂದ ಬಂದ ತಂತ್ರಜ್ಞ ಸೌಮ್ಯ ಸ್ವಭಾವದವನು. ಹದ್ದಕ್ಕನಿಗೆ ಅವಳದನ್ನು ಮೊದಲು ತೋರಿಸಿದ. ಒಂದು ವರ್ಷದ ಅವಳ ಬಲಗೈ ಪರದೆಯ ಮೇಲೆ ಒಂದು ಗೆರೆಯಾಗಿ ಹರಿದಿತ್ತು. ಮೊದಲು ನೇರ, ಬರಬರುತ್ತ ಸಣ್ಣ ಸಣ್ಣ ಅಲೆ. ಅವನು ಗುಂಡಿ ಒತ್ತಿದ. ಪರದೆ ಖಾಲಿಯಾಯಿತು.

"ಇದು ಖಾಲಿ ಆಗಿದ್ದಾ, ಮುಚ್ಚಿಟ್ಟಿದ್ದಾ?" ಎಂದು ಕೇಳಿದಳು.

ಇಲ್ಲಿಂದ ಹೋಗಿದೆ, ಅದಕ್ಕೆ ನಾನೇ ಸಾಕ್ಷಿ ಎಂದ ಅವನು. ಹೆಡ್‌ಸೆಟ್ಟು ಮಾಡುವ ಕಂಪನಿಯ ಬಳಿ ಒಂದು ನಕಲು ಇತ್ತು, ಅದನ್ನೂ ಅಳಿಸಿರುವುದಾಗಿ ಅವರು ಬರೆದುಕೊಟ್ಟಿದ್ದಾರೆ. ಆ ಕಂಪನಿ ಇನ್ಯಾರಿಗಾದರೂ ಕೊಟ್ಟಿತ್ತೇ ಎಂದು ಅವಳು ಕೇಳಿದಳು. ಅವನು ಪ್ರಾಮಾಣಿಕವಾಗಿಯೇ, ಅದು ನನಗೆ ಗೊತ್ತಿಲ್ಲ ಅಕ್ಕ ಎಂದ.

ಹೊರಗೆ ಬಂದಾಗ ಗಾಳಿ ಎದ್ದಿತ್ತು. ಆ ಗೆರೆ ಇನ್ನೂ ಎಲ್ಲೋ ಹರಿಯುತ್ತಿರಬಹುದು ಎಂದು ಹದ್ದಕ್ಕನಿಗೆ ಅನಿಸಿತು. ಪ್ರತಿ ವರ್ಷವೂ ಬರೆದು ಕೇಳಬಹುದು, ಉತ್ತರ ಕೊಡಲೇಬೇಕು ಎಂದು ವಕೀಲೆ ಹೇಳಿದ್ದಳು. ಕೇಳುತ್ತೀಯಾ ಎಂದು ತಂಗಿ ವಿಚಾರಿಸಿದಳು.

"ಕೇಳ್ತೀನಿ. ನಂಬಿಕೆ ಬರೋವರೆಗೂ ಕೇಳ್ತೀನಿ."

"ಯಾವಾಗ ಬರುತ್ತೆ?"

"ಬರೋ ಹಾಗೆ ಕಾಣಲ್ಲ," ಎಂದಳು ಹದ್ದಕ್ಕ.

ತಂಗಿ ಸಾಮಾನು ಕೋಣೆಯ ಕಡೆ ತಿರುಗಿದಳು. ಕ್ರೇನಿನ ಲಿಫ್ಟಿನ ಹತ್ತಿರ ಹೊಸ ಹುಡುಗಿಯೊಬ್ಬಳು ಹೆಲ್ಮೆಟ್ಟಿನ ಪಟ್ಟಿಯನ್ನು ಮತ್ತೆ ಮತ್ತೆ ಬಿಗಿಮಾಡುತ್ತ ಕಾಯುತ್ತಿದ್ದಳು. ಗಾಳಿ ಜಾಸ್ತಿ ಇದೆಯಲ್ಲ, ಇವತ್ತು ಹತ್ತುವುದಾ ಎಂದು ಕೇಳಿದಳು. ಹದ್ದಕ್ಕ ಕತ್ತೆತ್ತಿ ಮೇಲಿನ ತಂತಿಗಳು ಎಷ್ಟು ತೂಗುತ್ತಿವೆ ಎಂದು ನೋಡಿದಳು. ಹತ್ತೋಣ, ಇಂಥ ಗಾಳಿಯಲ್ಲೇ ಕಲಿಯಬೇಕು ಎಂದು ಲಿಫ್ಟಿನ ಬಾಗಿಲು ಎಳೆದಳು.